ಚಿಕ್ಕಪ್ಪನ ಪಿಕಪ್ಪಿಗೆ ಟೈರ್ ಹುಡುಕುತ್ತಾ, ಕಳಸದ ದಾರಿಯಲ್ಲಿ

ಮನೆಗೆ ಯಾರೇ ಬಂದರೂ ನಮ್ಮ ಚಿಕ್ಕಪ್ಪ ಮೊದಲು ಕೇಳೋದು ಒಂದೇ ಪ್ರಶ್ನೆ: "ಗಾಡಿ ಎಲ್ಲಿ ನಿಲ್ಲಿಸಿದ್ರಿ?" ಅಂಗಳದವರೆಗೆ ಕಾರು ಬಂದಿರಬಹುದು ಅನ್ನೋ ಅನುಮಾನವೇ ಅವರಿಗಿಲ್ಲ. ಬರೋದೂ ಇಲ್ಲ. ಕಳಸದಿಂದ ಸಂಸೆ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಬಸ್ ಸ್ಟ್ಯಾಂಡ್ ಗೂಡು ಇದೆ. ಅಲ್ಲಿಂದ ಒಳಗೆ 2.3 ಕಿಲೋಮೀಟರ್. ಮೊದಲ ನಾನೂರು ಮೀಟರ್ ಪಂಚಾಯ್ತಿ ಹಾಕಿದ ಕಾಂಕ್ರೀಟು, ಆಮೇಲೆ ಕೆಂಪು ಮಣ್ಣು, ಒಂದು ಹಲಸಿನ ಮರದ ತಿರುವು, ಒಂದು ಹಳ್ಳ, ಹಳ್ಳಕ್ಕೊಂದು ಮೋರಿ, ಕೊನೆಗೆ ಎದೆಮಟ್ಟ ಏರು. ಏರಿನ ಮೇಲೆ ಮನೆ.

ಬೆಂಗಳೂರಿನಿಂದ ಹೊರಟರೆ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಸುಮಾರು 330 ಕಿಲೋಮೀಟರ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗೋದು ನಮ್ಮ ಮನೆಯಲ್ಲಿ ಅಪರಾಧ. ಅಷ್ಟು ದೂರವನ್ನು ಏಳೆಂಟು ಗಂಟೆಯಲ್ಲಿ ಆರಾಮಾಗಿ ಮುಗಿಸಬಹುದು. ಮಳೆಗಾಲದಲ್ಲಿ ಕೊನೆಯ ಆ 2.3 ಕಿಲೋಮೀಟರ್ ಮಾತ್ರ ಯಾವ ಮ್ಯಾಪಿನ ಲೆಕ್ಕಕ್ಕೂ ಸಿಗಲ್ಲ.

2023ರ ಜುಲೈ ಕೊನೆ, ಪುಷ್ಯ ಮಳೆ. ರಾತ್ರಿ ಹನ್ನೊಂದೂವರೆಗೆ ಚಿಕ್ಕಪ್ಪನ ಫೋನ್ ಬಂತು. ಚಿಕ್ಕಮ್ಮನಿಗೆ ಉಬ್ಬಸ ಜೋರಾಗಿದೆ, ಕಳಸದ ಆಸ್ಪತ್ರೆಗೆ ಹೊರಟಿದ್ದೀವಿ ಅಂತ. ನಾನು ಬೆಳ್ಳಂದೂರಿನ ಫ್ಲಾಟಿನಲ್ಲಿ ಕೂತು "ಹುಷಾರಾಗಿ ಹೋಗಿ" ಅಂದೆ. ಇನ್ನೇನು ಹೇಳಲಿ? ಅರ್ಧ ಗಂಟೆ ಬಿಟ್ಟು ನಾನೇ ಮಾಡಿದರೆ ನೆಟ್‌ವರ್ಕ್ ಇಲ್ಲ. ರಾತ್ರಿ ಒಂದೂವರೆಗೆ ಮತ್ತೆ ಸಿಕ್ಕಿದರು. ಹಲಸಿನ ಮರದ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರಿ, ಎಡಗಡೆ ಚಕ್ರ ಚರಂಡಿಗೆ ಇಳಿದಿತ್ತು. ಪಕ್ಕದ ಮನೆಯ ಹುಡುಗ ಹಲಗೆ, ಹಗ್ಗ ತಂದು, ಚಕ್ರದಡಿ ಕಲ್ಲು ಕೊಟ್ಟು ಮೇಲೆತ್ತೋವಾಗ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಚಿಕ್ಕಮ್ಮ ಮುಂದಿನ ಸೀಟಿನಲ್ಲಿ ಡ್ಯಾಶ್‌ಬೋರ್ಡ್ ಹಿಡಿದು ಬಗ್ಗಿ ಕೂತಿದ್ದರಂತೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಬೆಳಗ್ಗೆ ಕುದುರೆಮುಖ ಘಾಟಿ ಇಳಿದು ಮಣಿಪಾಲಕ್ಕೆ ಕರ್ಕೊಂಡು ಹೋದರು. ಮೂರು ದಿನಕ್ಕೆ ಮನೆಗೆ ಬಂದರು. ಎಲ್ಲ ಸುಸೂತ್ರವಾಯ್ತು ಅನ್ನಬಹುದು. ಆದರೆ ಆ ಮುಕ್ಕಾಲು ಗಂಟೆ ನನ್ನ ತಲೆಯಿಂದ ಹೋಗಲಿಲ್ಲ. ರಸ್ತೆ ಮಾಡಿಸೋಕೆ ನನ್ನಿಂದ ಆಗಲ್ಲ, ಊರಿಗೆ ವಾಪಸ್ ಹೋಗೋಕೂ ಸದ್ಯಕ್ಕೆ ಆಗಲ್ಲ. "ಮುಂದಿನ ಮಳೆಗಾಲಕ್ಕೆ ಟೈರ್ ನಾನು ಹಾಕಿಸ್ತೀನಿ" ಅಂದೆ. "ಆಯ್ತು ಮಾರಾಯ, ಹಾಕ್ಸು" ಅಂದರು ಚಿಕ್ಕಪ್ಪ, ನಾನು ಮರೆತುಬಿಡ್ತೀನಿ ಅನ್ನೋ ಧೈರ್ಯದಲ್ಲಿ.

ಗಾಡಿ ಬೊಲೆರೊ ಕ್ಯಾಂಪರ್. ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ಲೋಡು ಹಾಕೋಕೆ ತೆರೆದ ಡಬ್ಬ, ಫೋರ್ ವೀಲ್ ಡ್ರೈವ್. ಫೋರ್ ವೀಲ್ ಇದ್ದೂ ಯಾಕೆ ಜಾರಿತು ಅಂತ ಆಫೀಸಿನಲ್ಲಿ ಗೆಳೆಯರೂ ಕೇಳಿದರು. ಫೋರ್ ವೀಲ್ ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಹಂಚುತ್ತೆ, ಅಷ್ಟೇ. ಚಕ್ರಕ್ಕೆ ನೆಲ ಕಚ್ಚೋಕೆ ಹಲ್ಲೇ ಇಲ್ಲದಿದ್ದರೆ ಎರಡರ ಬದಲು ನಾಲ್ಕು ಚಕ್ರ ಒಟ್ಟಿಗೆ ಗಿರಗಿರ ಸುತ್ತುತ್ತವೆ. ಇಳಿಜಾರಿನಲ್ಲಿ ಜಾರಲು ಶುರುವಾದ ಗಾಡಿಯನ್ನಂತೂ ಅದು ಹಿಡಿದು ನಿಲ್ಲಿಸಲ್ಲ.

ಸಾಫ್ಟ್‌ವೇರ್ ಜನಕ್ಕೆ ಚಿಂತೆ ಬಂದರೆ ಎಕ್ಸೆಲ್ ಶೀಟ್ ಹುಟ್ಟುತ್ತೆ. ನಾನೂ ಮಾಡಿದೆ. ಹದಿನಾಲ್ಕು ಟೈರು, ಒಂಬತ್ತು ಕಾಲಂ. ಅಪೊಲೊದ ಆಪ್ಟೆರಾ, ಸಿಯಾಟ್‌ನ ಜಾರ್, ಜೆಕೆಯ ರೇಂಜರ್, ಯೋಕೊಹಾಮಾದ ಜಿಯೊಲ್ಯಾಂಡರ್, ಬಿಎಫ್ ಗುಡ್‌ರಿಚ್‌ನವರ ಆಲ್ ಟೆರೇನ್, ಹೀಗೆ. ಈ ಆಲ್ ಟೆರೇನ್ ಅನ್ನೋದು ಹೊಸ ಫ್ಯಾಶನ್ ಅಂದ್ಕೊಂಡಿದ್ದೆ. ಬಿಎಫ್ ಗುಡ್‌ರಿಚ್ ತನ್ನ ಮೊದಲ ರೇಡಿಯಲ್ ಆಲ್ ಟೆರೇನ್ ಟೈರ್ ತಂದಿದ್ದು 1976ರಲ್ಲೇ! ನಮ್ಮಪ್ಪ ಹೈಸ್ಕೂಲಿನಲ್ಲಿದ್ದ ಕಾಲ.

ಆದರೆ ಸತ್ಯ ಹೇಳಿಬಿಡ್ತೀನಿ, ನನ್ನ ಕಣ್ಣಿದ್ದದ್ದು ಆಲ್ ಟೆರೇನ್ ಮೇಲಲ್ಲ, ಮಡ್ ಟೆರೇನ್ ಮೇಲೆ. ದಪ್ಪ ದಪ್ಪ ಗಟ್ಟಿಗಳು, ನಡುವೆ ಬೆರಳು ತೂರುವಷ್ಟು ಸಂದು. ಕೆಸರಿಗೆ ಅಂತಲೇ ಹುಟ್ಟಿದ್ದು. ಅದೂ ಒಂದು ಸೈಜ್ ದೊಡ್ಡದು ಹಾಕಿಸಿದರೆ ಗಾಡಿಯ ಗತ್ತೇ ಬೇರೆ. ಇನ್‌ಸ್ಟಾಗ್ರಾಮ್‌ನಲ್ಲಿ ಅಂಥ ಫೋಟೋ ಎಷ್ಟು ಸೇವ್ ಮಾಡಿಟ್ಟಿದ್ದೆ ಅಂತ ಚಿಕ್ಕಪ್ಪನಿಗೆ ಈಗಲೂ ಗೊತ್ತಿಲ್ಲ.

2024ರ ಏಪ್ರಿಲ್ ಕೊನೆಯಲ್ಲಿ ಊರಿಗೆ ಹೋದೆ. ಕಾಫಿ ಹೂವು ಮುಗಿದು ಗಿಡದಲ್ಲಿ ಕಂದು ಬಣ್ಣದ ಒಣ ಗೊಂಚಲು ಉಳಿದಿತ್ತು. ಲ್ಯಾಪ್‌ಟಾಪ್ ತೆಗೆದು ಶೀಟ್ ತೋರಿಸಿದೆ. ಚಿಕ್ಕಪ್ಪ ಕನ್ನಡಕ ಹಾಕ್ಕೊಂಡು ಎರಡು ನಿಮಿಷ ನೋಡಿ, "ಇದ್ರಲ್ಲಿ ನಮ್ಮ ದಾರಿ ಎಲ್ಲಿದೆ?" ಅಂದರು. ತಮಾಷೆಗೆ ಅಂದ್ಕೊಂಡೆ. "ಅಲ್ಲ, ನಿಜವಾಗಿ ಕೇಳ್ತಿದ್ದೀನಿ. ಬಾ, ನಡ್ಕೊಂಡು ಹೋಗಿ ಬರೋಣ."

ಆ ದಾರಿಯಲ್ಲಿ ನಾನು ಚಿಕ್ಕಂದಿನಿಂದ ನಡೆದಿದ್ದೀನಿ. ನೆಲ ನೋಡಿಕೊಂಡು ನಡೆದಿದ್ದು ಅದೇ ಮೊದಲು. ದಾರಿಯುದ್ದ ಕೆಸರೇ ಇರೋದು ಅಂತ ನನ್ನ ಲೆಕ್ಕ. ನೋಡಿದರೆ ನಿಜವಾದ ಜಾರುಮಣ್ಣು ಇದ್ದದ್ದು ಎರಡೇ ಕಡೆ: ಹಲಸಿನ ಮರದ ತಿರುವು, ಮೋರಿ ದಾಟಿದ ಮೇಲಿನ ಏರಿನ ಬುಡ. ಎರಡೂ ಸೇರಿ ಇನ್ನೂರು ಮೀಟರ್ ಆದರೆ ಹೆಚ್ಚು. ಉಳಿದಿದ್ದೆಲ್ಲ ಕಲ್ಲು. ಎರಡು ವರ್ಷದ ಹಿಂದೆ ಸುತ್ತಲಿನ ಮನೆಯವರೇ ಸೇರಿ ಕ್ರಷರ್ ಜಲ್ಲಿ ತಂದು ಹರಡಿದ್ದರು. ಮೇಲೆ ಮುಚ್ಚಿದ್ದ ಮಣ್ಣು ಎರಡು ಮಳೆಗೆ ತೊಳೆದುಹೋಗಿ, ಒಡೆದ ಕಲ್ಲಿನ ಚೂಪು ಅಂಚು ಮೇಲೆ ಬಂದಿದೆ. ಚಪ್ಪಲಿ ಹಾಕಿದ್ದರೂ ಕಾಲಿಗೆ ಚುಚ್ಚುತ್ತೆ.

ಅಲ್ಲಿಂದ ನೇರ ಕಳಸದ ಪಂಕ್ಚರ್ ಅಂಗಡಿಗೆ. ಅಂಗಡಿಯ ಅಣ್ಣ ನಮ್ಮ ಗಾಡಿಯ ಹಳೇ ಟೈರುಗಳ ಜಾತಕ ಬಲ್ಲವರು. ಒಂದನ್ನು ಗೋಡೆಗೆ ಒರಗಿಸಿ ತೋರಿಸಿದರು. ನೆಲಕ್ಕೆ ತಾಗೋ ಭಾಗದಲ್ಲಿ ಇನ್ನೂ ನಾಲ್ಕು ಮಿಲಿಮೀಟರ್ ಹಲ್ಲು ಇತ್ತು. ಪಕ್ಕದ ಗೋಡೆಯಲ್ಲಿ ಮಾತ್ರ ಬ್ಲೇಡಿನಲ್ಲಿ ಎಳೆದ ಹಾಗೆ ಮೂರಿಂಚು ಸೀಳು. "ಇಲ್ಲಿ ಮೊಳೆ ಹೊಕ್ರೆ ನಾನು ಹತ್ತು ನಿಮಿಷದಲ್ಲಿ ಮಾಡಿಕೊಡ್ತೀನಿ," ಅಂತ ಹಲ್ಲಿನ ಮೇಲೆ ಕೈಯಿಟ್ಟರು. "ಸೈಡ್ ಹರಿದ್ರೆ ಮುಗೀತು. ಅದಕ್ಕೆ ಹೊಲಿಗೆ ಇಲ್ಲ. ನಿಮ್ಮ ಗಾಡಿದು ಮೂರು ಟೈರು ಹಿಂಗೇ ಹೋಗಿದ್ದು."

ಪಕ್ಕದ ಗೋಡೆ ಚಲಿಸುವಾಗ ಪ್ರತಿ ಸುತ್ತಿಗೂ ಬಾಗಿ ಬಿಚ್ಚಿಕೊಳ್ಳೋ ಭಾಗ. ಅಲ್ಲಿ ತೇಪೆ ನಿಲ್ಲಲ್ಲ. ಒಂಬತ್ತು ಕಾಲಂ ಇದ್ದ ನನ್ನ ಶೀಟಿನಲ್ಲಿ ಈ ಗೋಡೆಯ ದಪ್ಪಕ್ಕೆ ಒಂದು ಕಾಲಂ ಇರಲಿಲ್ಲ.

ಹಾಗೆ ನೋಡಿದರೆ ಟೈರಿನ ಬದಿಯಲ್ಲೇ ಎಲ್ಲ ಬರೆದಿರುತ್ತೆ, ನಾವು ಓದಲ್ಲ. ನಮ್ಮ ಹಳೇ ಟೈರಿನ ಮೇಲಿದ್ದದ್ದು 'ಪಿ 235/75 ಆರ್ 15 105 ಎಸ್'. 235 ಮಿಲಿಮೀಟರ್ ಅಗಲ. ಗೋಡೆಯ ಎತ್ತರ ಆ ಅಗಲದ 75 ಪರ್ಸೆಂಟ್, ಅಂದ್ರೆ ಸುಮಾರು 176 ಮಿಲಿಮೀಟರ್. ಆರ್ ಅಂದ್ರೆ ರೇಡಿಯಲ್, 15 ಇಂಚಿನ ರಿಮ್. 105 ಅನ್ನೋದು ಭಾರದ ಸಂಕೇತ: ಒಂದು ಟೈರ್ 925 ಕೆಜಿ ಹೊರಬಲ್ಲದು. ಕೊನೆಯ ಎಸ್ ವೇಗದ ಮಿತಿ, ಗಂಟೆಗೆ 180 ಕಿಲೋಮೀಟರ್. ನಮ್ಮ ದಾರಿಯಲ್ಲಿ ಹದಿನೆಂಟು ಮುಟ್ಟಿದರೆ ಸಾಕು. ಮೊದಲಿನ 'ಪಿ' ಇದೆಯಲ್ಲ, ಅದು ಪ್ಯಾಸೆಂಜರ್, ಅಂದ್ರೆ ಜನ ಓಡಾಡೋ ಕಾರಿನ ಮಾದರಿಯ ಟೈರ್. ಅದೇ ಅಳತೆಯಲ್ಲಿ 'ಎಲ್‌ಟಿ' ಅಂತ ಶುರುವಾಗೋದು ಸಿಗುತ್ತೆ. ಲೈಟ್ ಟ್ರಕ್. ಒಳಗಿನ ಪದರ ಗಟ್ಟಿ, ಗೋಡೆ ದಪ್ಪ, ತೂಕವೂ ಜಾಸ್ತಿ. ಕಾಫಿ ಮೂಟೆ ಹೊತ್ತು ಜಲ್ಲಿ ಮೇಲೆ ಹೋಗೋ ಗಾಡಿಗೆ ಬೇಕಿದ್ದದ್ದು ಅದು.

ಆದರೂ ಮಡ್ ಟೆರೇನ್ ಆಸೆ ಬಿಡಲಿಲ್ಲ ನಾನು. ಗಾಡಿ ಜಾರಿದ್ದು ಕೆಸರಿನಲ್ಲಿ ತಾನೇ? ಅದೇ ಇನ್ನೂರು ಮೀಟರಿಗೆ ತಾನೇ ನಾನು ಹೆದರಿದ್ದು? ಚಿಕ್ಕಪ್ಪ ಡೀಸೆಲ್ ಬರೆಯೋ ಪುಸ್ತಕ ತೆಗೆದರು. ತಿಂಗಳಿಗೆ ಸುಮಾರು 900 ಕಿಲೋಮೀಟರ್ ಓಡಾಟ. ದಿನಕ್ಕೊಮ್ಮೆ ಹೋಗಿ ಬಂದರೂ ಮನೆ ದಾರಿಯ ಪಾಲು 140ರ ಒಳಗೆ. ಉಳಿದದ್ದು ಟಾರು: ಮೂಡಿಗೆರೆ, ಬಾಳೆಹೊನ್ನೂರು, ಚಿಕ್ಕಮಗಳೂರು, ಕುದುರೆಮುಖ ಘಾಟಿ. ಅದೂ ವರ್ಷದ ನಾಲ್ಕೈದು ತಿಂಗಳು ಒದ್ದೆ ಟಾರು, ಮಂಜು, ತಿರುವು. ಮಡ್ ಟೆರೇನಿನ ಆ ದೊಡ್ಡ ಸಂದು ಕೆಸರನ್ನು ಕಿತ್ತು ಆಚೆ ಎಸೆಯುತ್ತೆ, ನಿಜ. ಆದರೆ ಒದ್ದೆ ಟಾರಿಗೆ ತಾಗುವ ರಬ್ಬರ್ ಅಷ್ಟೇ ಕಡಿಮೆ. ಬ್ರೇಕ್ ಒತ್ತಿದ ಮೇಲೆ ನಿಲ್ಲೋಕೆ ಹೆಚ್ಚು ದೂರ ಬೇಕು, ಟಾರಿನಲ್ಲಿ ಬೇಗ ಸವೆಯುತ್ತೆ, ಸದ್ದಂತೂ ಹೇಳೋದೇ ಬೇಡ.

"ಕೆಸರಲ್ಲಿ ಸಿಕ್ಕಿ ಬಿದ್ರೆ ಕಷ್ಟಪಟ್ಟಾದ್ರೂ ಎಳೀತೀವಿ," ಅಂದರು ಚಿಕ್ಕಪ್ಪ. "ಘಾಟಿಲಿ ಬ್ರೇಕ್ ಹಿಡೀದೆ ಹೋದ್ರೆ ಯಾರನ್ನ ಕರೀಲಿ?" ಅವತ್ತು ರಾತ್ರಿ ಗಾಡಿಯಲ್ಲಿದ್ದವರು ಅವರು. ನಾನು ಫೋನಿನಲ್ಲಿದ್ದೆ. ಶೀಟಿನಿಂದ ಮಡ್ ಟೆರೇನಿನ ಐದು ಸಾಲು ಅಳಿಸಿದೆ.

ಮಧ್ಯೆ ಇನ್ನೊಂದು ಉಪಾಯವೂ ನಡೀತು. ಅಜ್ಜನ ಕಾಲದ ಜೀಪಿಗೆ ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನು ಕಟ್ಟುತ್ತಿದ್ದರು. ಮಲೆನಾಡಿನಲ್ಲಿ ಈಗಲೂ ಕೆಲವು ಜೀಪುಗಳಿಗೆ ಕಟ್ಟುತ್ತಾರೆ. ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದ ಚೈನು ಇಳಿಸಿ, ತುಕ್ಕು ಕೊಡವಿ ಅಳೆದು ನೋಡಿದೆವು. ಹಳೇ ಜೀಪಿನದು 6.00-16 ಟೈರು. ಸುತ್ತಳತೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು, ಆದರೆ ಅಗಲ ಬರೀ ಆರಿಂಚು, ನಮ್ಮದು ಒಂಬತ್ತರ ಮೇಲೆ. ಹೊಸದು ಮಾಡಿಸೋಣ ಅಂದೆ. "ಮಧ್ಯರಾತ್ರಿ ಮಳೇಲಿ ಮಲ್ಕೊಂಡು ಚೈನ್ ಕಟ್ಟೋನು ಯಾರು, ನೀನಾ?" ಅಂದರು ಚಿಕ್ಕಮ್ಮ ಅಡುಗೆಮನೆಯಿಂದಲೇ. ಚೈನು ವಾಪಸ್ ಅಟ್ಟಕ್ಕೆ ಹೋಯ್ತು.

ಮೇ ತಿಂಗಳಲ್ಲಿ ಚಿಕ್ಕಮಗಳೂರಿಗೆ ಟೈರ್ ತರಲು ಹೋದೆವು. ಮೊದಲ ಅಂಗಡಿಯವರು ಒಳ್ಳೇ ಡಿಸ್ಕೌಂಟ್ ಅಂತ ಒಂದು ಜೊತೆ ತೋರಿಸಿದರು. ಗೋಡೆಯ ಮೇಲೆ ಉದ್ದನೆಯ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ: 1820. ಮೊದಲೆರಡು ವಾರ, ಕೊನೆಯೆರಡು ವರ್ಷ. 2020ರ ಹದಿನೆಂಟನೇ ವಾರದಲ್ಲಿ ತಯಾರಾದದ್ದು. ಓಡದೆ ಇದ್ದರೂ ರಬ್ಬರಿಗೆ ವಯಸ್ಸಾಗುತ್ತೆ, ಗಡುಸಾಗುತ್ತೆ. ಕೇಳಿದರೆ "ಎಲ್ಲರೂ ತಗೋತಾರೆ ಸರ್" ಅಂದರು. ನೀವು ಬೈಕಿಗೆ ಹಾಕಿಸಿದರೂ ಈ ನಾಲ್ಕು ಅಂಕಿ ನೋಡದೆ ದುಡ್ಡು ಕೊಡಬೇಡಿ.

ಎರಡನೇ ಅಂಗಡಿಯಲ್ಲಿ ಆರು ವಾರದ ಹಿಂದಿನದು ಸಿಕ್ಕಿತು. ಎಲ್‌ಟಿ, ಅದೇ 235/75 ಆರ್ 15, ಆಲ್ ಟೆರೇನ್. ಭಾರದ ಜಾಗದಲ್ಲಿ 104/101 ಅಂತ ಇತ್ತು. ಗಟ್ಟಿ ಟೈರಿಗೆ ಅಂಕಿ ಯಾಕೆ ಕಡಿಮೆ ಅಂತ ನನಗೆ ಗಾಬರಿ. ಮೊದಲ ಅಂಕಿ ಒಂಟಿ ಚಕ್ರಕ್ಕೆ, ಎರಡನೆಯದು ಲಾರಿಯ ಹಾಗೆ ಜೋಡಿ ಚಕ್ರ ಹಾಕಿದರೆ. 104 ಅಂದ್ರೆ 900 ಕೆಜಿ, ಹಿಂದಿನ ಎರಡೂ ಸೇರಿ 1800. ಗೋಡೆ ಗಟ್ಟಿ ಇದ್ದ ಮಾತ್ರಕ್ಕೆ ಹೆಚ್ಚು ಹೊರುತ್ತೆ ಅಂತ ಅರ್ಥ ಅಲ್ಲ, ಮತ್ತೆ ಆ ಭಾರ ಹೊರಬೇಕಾದರೆ ಪ್ಯಾಸೆಂಜರ್ ಟೈರಿಗಿಂತ ಜಾಸ್ತಿ ಗಾಳಿ ಬೇಕು. ಐವತ್ತು ಕೆಜಿಯ ಕಾಫಿ ಮೂಟೆ ಇಪ್ಪತ್ತು ಹಾಕಿದರೆ ಒಂದು ಟನ್. "ಇಪ್ಪತ್ತರ ಮೇಲೆ ಬೇಡ" ಅಂದೆ. ಚಿಕ್ಕಪ್ಪ ಆಕಾಶ ನೋಡಿದರು. ಇಪ್ಪತ್ತಾರು ಹಾಕ್ತಿದ್ದರು ಅಂತ ಆಮೇಲೆ ಪಂಕ್ಚರ್ ಅಂಗಡಿಯ ಅಣ್ಣ ಹೇಳಿದರು.

ಸ್ಟೆಪ್ನಿ ಸೇರಿ ಐದು ತಗೊಂಡೆವು. ನಾಲ್ಕು ಸಾಕು ಅಂತ ಅಂಗಡಿಯವರೂ ಅಂದರು, ಆದರೆ ಫೋರ್ ವೀಲ್ ಗಾಡಿಯಲ್ಲಿ ಒಂದು ಚಕ್ರ ಮಾತ್ರ ಬೇರೆ ಅಳತೆಯದಾದರೆ, ಸವೆದು ಸುತ್ತಳತೆ ಕಡಿಮೆಯಾಗಿದ್ದರೂ, ಗೇರ್‌ಗಳ ಮೇಲೆ ಹೊರೆ ಬೀಳುತ್ತೆ. ದುಡ್ಡು? ಹೊಸ ಫೋನ್ ಆರು ತಿಂಗಳು ಮುಂದಕ್ಕೆ ಹೋಯ್ತು. ಯಾವ ಕಂಪನಿ ಅಂತ ಬರೆಯಲ್ಲ. ನಮ್ಮ ಜಲ್ಲಿಗೆ ಸರಿಹೋದದ್ದು ನಿಮ್ಮೂರಿನ ಎರೆಮಣ್ಣಿಗೆ ಸರಿಹೋಗಬೇಕು ಅಂತಿಲ್ಲ.

ಹಾಕಿಸಿದ ಮೇಲೆ ನಷ್ಟವೂ ಗೊತ್ತಾಯ್ತು. ಟೈರ್ ಭಾರ, ಹಾಗಾಗಿ ಡೀಸೆಲ್ ಲೀಟರಿಗೆ ಒಂದು ಕಿಲೋಮೀಟರ್ ಹತ್ತಿರ ಕಡಿಮೆ ಬರ್ತಿದೆ. ಒಳ್ಳೇ ರಸ್ತೆಯಲ್ಲಿ ಅರವತ್ತು ದಾಟಿದರೆ ಜೇನುಹುಳದ ಥರ ಗುಂಯ್ ಅನ್ನೋ ಸದ್ದು. ಸೀಟಿನಲ್ಲಿ ಕೂತರೆ ಮೊದಲಿಗಿಂತ ಗಡುಸು. ಚಿಕ್ಕಮ್ಮ ಒಂದು ದಿಂಬು ತಂದಿಟ್ಟರು.

ಕೊನೆಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಟೈರಿನ ಜೊತೆ ತಂದ ಒಂದು ಸಣ್ಣ ಸಾಮಾನು, ಗಾಡಿಯ ಸಾಕೆಟ್ಟಿಗೆ ಸಿಕ್ಕಿಸಿ ಗಾಳಿ ತುಂಬೋ ಪಂಪು. ಎಷ್ಟು ಗಾಳಿ ಅಂತ ಮೊದಲೆಲ್ಲ ಟೈರಿಗೆ ಒದ್ದು ನೋಡಿ ನಿರ್ಧಾರ ಆಗ್ತಿತ್ತು. ಈಗ ಮಳೆ ಜೋರಿರುವಾಗ, ಖಾಲಿ ಗಾಡಿಯಲ್ಲಿ ಬಸ್ ಸ್ಟ್ಯಾಂಡ್ ಗೂಡಿನ ಹತ್ತಿರ ನಿಂತು 24ಕ್ಕೆ ಇಳಿಸ್ತಾರೆ. ಗಾಳಿ ಇಳಿಸಿದರೆ ಟೈರ್ ಉದ್ದಕ್ಕೆ ಹರಡಿ ಹೆಚ್ಚು ನೆಲ ಹಿಡಿಯುತ್ತೆ. ಪೇಟೆ ಕಡೆ ಹೊರಟಾಗ ಟಾರು ಮುಟ್ಟಿದ ಕೂಡಲೇ ಮತ್ತೆ ತುಂಬಿಸಬೇಕು, ಇಲ್ಲಾಂದ್ರೆ ಗೋಡೆ ಬಿಸಿಯಾಗಿ ಟೈರೇ ಹೋಗುತ್ತೆ. ಲೋಡಿದ್ದಾಗ ಈ ಆಟ ಬೇಡವೇ ಬೇಡ.

2024ರ ಜುಲೈ ಮಳೆ ನಿಮಗೆ ನೆನಪಿರಬಹುದು. ಕೆಲಸಕ್ಕೆ ನಾಲ್ಕು ದಿನ ರಜೆ ಹಾಕಿ ಹೋದೆ. ಗೂಡಿನ ಹತ್ತಿರ ನನ್ನ ಕಾರು ಬಿಟ್ಟು ಪಿಕಪ್ ಹತ್ತಿದೆ. ಮೋರಿಯ ಮೇಲೆ ಅರ್ಧ ಅಡಿ ನೀರು. ಜಲ್ಲಿಯ ಮೇಲೆ ಗಾಡಿ ಕಟಕಟ ಅಂತ ಕಚ್ಚಿಕೊಂಡು ಹೋಯ್ತು, ನನಗೆ ಒಳಗೊಳಗೇ ಹೆಮ್ಮೆ. ಆದರೆ ಅದಕ್ಕೂ ಮೊದಲು ಹಲಸಿನ ಮರದ ತಿರುವಿನಲ್ಲಿ, ಅದೇ ಜಾಗದಲ್ಲಿ, ಹಿಂಭಾಗ ಒಂದು ಗೇಣು ಜಾರಿತ್ತು. ಒಂದೇ ಗೇಣು, ಆಮೇಲೆ ನಿಂತಿತು. ನನ್ನ ಕೈ ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದು ಆಮೇಲೆ ಗೊತ್ತಾಯ್ತು.

ಚಿಕ್ಕಪ್ಪ ಅಲ್ಲೇ ಗಾಡಿ ನಿಲ್ಲಿಸಿ ಗುದ್ದಲಿ ತೆಗೆದಿದ್ದರು. ಮೇಲಿನ ತೋಟದ ನೀರು ಚರಂಡಿಯಲ್ಲಿ ಸೊಪ್ಪು ಕಟ್ಟಿ, ಉಕ್ಕಿ, ರಸ್ತೆಗೆ ಅಡ್ಡ ಹರೀತಿತ್ತು. ಎಂಥ ಟೈರ್ ಹಾಕಿದರೂ ಅದರಡಿಯ ಮಣ್ಣೇ ತೊಳೆದುಹೋಗ್ತಿದ್ದರೆ ಏನು ಮಾಡೋದು? ಇಬ್ಬರೂ ಸೇರಿ ಅರ್ಧ ಗಂಟೆ ಸೊಪ್ಪು ಎಳೆದು, ನೀರಿಗೆ ದಾರಿ ಬಿಡಿಸಿದೆವು. ನನ್ನ ಕಾಲಿಗೆ ಏಳು ಉಂಬಳ. ಮಾರನೇ ದಿನ ಅಲ್ಲೊಂದು ಸಿಮೆಂಟ್ ಪೈಪು ಹಾಕಿಸೋ ಮಾತಾಯ್ತು. ಅದರ ಖರ್ಚು ಒಂದು ಟೈರಿಗಿಂತ ಕಡಿಮೆ.

ಭಾನುವಾರ ಚಿಕ್ಕಮ್ಮ ಸೀರೆ ಉಟ್ಟು, ಇನ್‌ಹೇಲರ್ ಪರ್ಸಿಗೆ ಹಾಕ್ಕೊಂಡು ಅಂಗಳಕ್ಕೆ ಬಂದರು. "ಟೈರಿಗೆ ಅಷ್ಟು ದುಡ್ಡು ಸುರಿದಿದ್ದೀರಿ. ನನಗೆ ಹುಷಾರಿಲ್ಲದಾಗ ಮಾತ್ರ ಓಡಿಸೋದಾ? ನಡೀರಿ ಹೊರನಾಡಿಗೆ, ಅನ್ನಪೂರ್ಣೇಶ್ವರಿ ನೋಡ್ಕೊಂಡು ಊಟ ಮಾಡ್ಕೊಂಡು ಬರೋಣ."

ಕಳಸ ದಾಟಿ ಹೆಬ್ಬಾಳೆ ಹತ್ತಿರ ಬಂದರೆ ಸೇತುವೆ ಕಾಣಿಸಲಿಲ್ಲ. ಭದ್ರಾ ನದಿ ಕೆಂಪಗೆ, ಸದ್ದಿಲ್ಲದೆ, ಸೇತುವೆ ಮೇಲೆ ಹೋಗ್ತಿತ್ತು. ಈಚೆ ದಡದಲ್ಲಿ ನಾಲ್ಕೈದು ಕಾರು, ಒಂದು ಟಿಟಿ, ಫೋಟೋ ತೆಗೆಯೋ ಜನ. "ಎಷ್ಟಿರಬಹುದು, ಎರಡು ಅಡಿ? ನಮ್ಮದು ಫೋರ್ ವೀಲ್..." ಅಂತ ನಾನು ಶುರು ಮಾಡಿದೆ. ಹರಿಯೋ ನೀರು ಎರಡು ಅಡಿ ಇದ್ದರೆ ಗಾಡಿಯನ್ನೇ ತೇಲಿಸುತ್ತೆ, ಟೈರ್ ನೆಲ ಬಿಟ್ಟ ಮೇಲೆ ಅದು ಬರೀ ಗಾಳಿ ತುಂಬಿದ ಟ್ಯೂಬು. ಇದನ್ನು ಓದಿದವನೂ ನಾನೇ. ಚಿಕ್ಕಪ್ಪ ನನ್ನ ಮುಖ ಒಮ್ಮೆ ನೋಡಿ, ಏನೂ ಹೇಳದೆ ರಿವರ್ಸ್ ಗೇರ್ ಹಾಕಿದರು. "ಸುತ್ತು ದಾರಿ ಇದ್ಯಲ್ಲ," ಅಂದರು ಚಿಕ್ಕಮ್ಮ ಹಿಂದಿನ ಸೀಟಿನಿಂದ. "ಊಟದ ಹೊತ್ತಿಗೆ ಮುಟ್ತೀವಿ, ನಿಧಾನಕ್ಕೆ ಹೋಗಿ."